ತುದಿ ಮಡಿಚುವುದು

ತೊಕ್ಕೊಟ್ಟಿನ ಒಳರಸ್ತೆ, ಸೇಸಮ್ಮನ ಚಾವಡಿ.
ಹದಿನೇಳು ವರ್ಷ, ಪ್ರತಿ ಶುಕ್ರವಾರ ಸಂಜೆ,
ನಾಲ್ಕು ತಡ್ಪೆಗಳ ನಡುವೆ ಕೂತು
ನಕ್ಷತ್ರಗಳ ಆಚೆ ಹೋದ ಹಡಗಿನ ಕಥೆ ಓದಿದೆ.
ಕೂಲಿ, ಒಬ್ಬೊಬ್ಬರಿಂದ ಒಂದೊಂದು ಕಟ್ಟು ಬೀಡಿ,
ಬ್ರಾಂಚಿನ ಪುಸ್ತಕದಲ್ಲಿ ನನ್ನ ಲೆಕ್ಕಕ್ಕೆ.

ಶುರುವಾದಾಗ ನನಗೆ ಹನ್ನೊಂದು.
'ಗುರುತ್ವಾಕರ್ಷಣೆ'ಯಲ್ಲಿ ನಾಲಿಗೆ ಎಡವಿದರೆ
ಫಿಲೋಮಿನಾ ಬಾಯಿ ಅನ್ನುವಳು, "ಹಾರಿಸಿ ಓದು ಮಗಾ,
ಕೈಬಿಟ್ಟದ್ದು ಬೀಳ್ತದೆ ಅಂತ ಎಲ್ಲರಿಗೂ ಗೊತ್ತುಂಟು."

ನಾಲ್ಕನೇ ಕಂತಿನಲ್ಲಿ ಒಬ್ಬ ಹುಡುಗ,
ಹೆಸರನ್ನೂ ಸರಿಯಾಗಿ ಇಡದ ಎಂಜಿನು ಕೋಣೆಯ ಹುಡುಗ,
ಧೂಮಕೇತುವಿನ ಮಂಜಿನ ಮೇಲೆ ಹಗ್ಗ ಹಿಡಿದು ನಿಂತ.
"ಈಗ ಬಂದೆ" ಎಂದಳು ನೌಕೆಯ ನಾಯಕಿ.
ಐದನೇ ಕಂತಿನಲ್ಲಿ ಯುದ್ಧ. ಆರರಲ್ಲಿ ರಾಜದ್ರೋಹ.
ಹುಡುಗ ಅಲ್ಲೇ ಉಳಿದ.

ಬೀಫಾತಿಮ್ಮ ಮಾತ್ರ ಬಿಡಲಿಲ್ಲ.
ನಾನು ಪತ್ರಿಕೆ ಬಿಡಿಸುವ ಮೊದಲೇ
"ಆ ಹಗ್ಗದವ ಎಂತ ಆದ?"
"ಈ ವಾರ ಇಲ್ಲ."
"ಆಯ್ತು, ಓದು."

ಈ ವಾರ ಇಲ್ಲ, ಈ ವಾರ ಇಲ್ಲ ಎನ್ನುತ್ತ
ನನ್ನ ಹತ್ತನೇ ತರಗತಿ ಮುಗಿಯಿತು,
ಮದುವೆಯಾಗಿ ಕಾಟಿಪಳ್ಳಕ್ಕೆ ಹೋದೆ,
ಶುಕ್ರವಾರಕ್ಕೆ ಬಸ್ಸು ಹತ್ತಿ, ನೇತ್ರಾವತಿ ದಾಟಿ ಬಂದೆ,
ಪತ್ರಿಕೆಯನ್ನು ಮೊದಲೇ ಓದಿಬಿಡದಂತೆ
ಟಿಫಿನ್ ಡಬ್ಬಿಯ ಅಡಿಗೆ ಅದುಮಿಟ್ಟು.
ಬೀಫಾತಿಮ್ಮನ ಕಣ್ಣಿಗೆ ಪೊರೆ ಬಂತು.
ಬೆರಳಿಗೆ ಬರಲಿಲ್ಲ.

ನನಗೆ ಬೀಡಿ ಕಲಿಸಿದವಳೂ ಅವಳೇ.
"ಸುತ್ತುವುದು ಯಾರಿಗೂ ಬರ್ತದೆ.
ಬಾಯಿ ಮುಚ್ಚುವುದರಲ್ಲಿ ಉಂಟು ಕೆಲಸ.
ಬಿಗಿ ಮಾಡಿದರೆ ದಮ್ಮು ಎಳೆಯಲಿಕ್ಕಾಗುವುದಿಲ್ಲ,
ಸಡಿಲ ಬಿಟ್ಟರೆ ಸೊಪ್ಪೆಲ್ಲ ಸೇದುವವನ ಜೇಬಿನಲ್ಲಿ."

ಕೊನೆಯ ಕಂತು ಎಂಟು ಪುಟ.
ಬೀಗ ಹಾಕಿದ ಬಾಗಿಲನ್ನೆಲ್ಲ ತೆರೆದಿದ್ದ ಬರೆದವನು:
ಕಪ್ಪು ಗ್ರಹದ ಗುಟ್ಟು,
ಸತ್ತವಳು ಸತ್ತಿರಲಿಲ್ಲ ಎಂಬುದು,
ಕಾಲ ಯಾಕೆ ಹಿಂದಕ್ಕೆ ಹರಿಯಿತೆಂದು ಎರಡು ಪುಟ ಲೆಕ್ಕ,
ಆಮೇಲೆ ಸೂರ್ಯನಿಗೆ ಇನ್ನೊಂದು ಸೂರ್ಯ ಡಿಕ್ಕಿ.
"ಗರ್ನಾಲು ಜೋರುಂಟು," ಎಂದಳು ಲೋಲಾಕ್ಷಿ
ಎಲೆಯಿಂದ ಕಣ್ಣೆತ್ತದೆ.
ನಾಯಕಿ ಹೊಸ ಲೋಕದ ದಡದಲ್ಲಿ ಇಳಿದಳು,
ಬಗ್ಗಿ ನೀರು ಮುಟ್ಟಿದಳು.
ಮುಗಿಯಿತು.
ಕೆಳಗೆ ಸಾಬೂನಿನ ಜಾಹೀರಾತು.

ಕತ್ತರಿಗಳು ನಿಂತವು.
ಬೀಫಾತಿಮ್ಮ ಕೇಳಲಿಲ್ಲ.
ಹದಿನೇಳು ವರ್ಷದಲ್ಲಿ ಮೊದಲ ಸಲ, ಕೇಳಲಿಲ್ಲ.
ನೂಲಿನ ತುದಿ ಹಲ್ಲಿನಲ್ಲಿ ಕಚ್ಚಿ ಸುಮ್ಮನೆ ಕೂತಳು.

ನಾನು ಓದುತ್ತ ಹೋದೆ.
ಸಾಬೂನಿನ ಹುಡುಗಿಯ ನಗೆಯ ಮೇಲೆ ಕಣ್ಣಿಟ್ಟು ಓದಿದೆ:
"ಏಳಬೇಕೆಂದರೆ ಸೊಂಟಕ್ಕೆ ಏನೋ ಜಗ್ಗಿತು.
ಹಳೆಯ ಹಗ್ಗ. ಇಷ್ಟು ವರ್ಷ ಅವಳು ಬಿಚ್ಚಿರಲಿಲ್ಲ.
ಎಳೆದಳು.
ಆ ಕಡೆ ಭಾರವಿತ್ತು."

ಅಲ್ಲಿಗೆ ನಿಲ್ಲಿಸಬೇಕೆಂದೇ ಇದ್ದೆ.
"ಉಣ್ಣಲಿಕ್ಕೆ ಎಂತಾದ್ರೂ ಕೊಟ್ರಾ ಅವನಿಗೆ?"

ಪುಟ ತಿರುವಿದ ಸದ್ದು ಮಾಡಿದೆ.
"ಬಿಸಿ ಗಂಜಿ," ಎಂದು ಓದಿದೆ,
"ನಂಜಿಕೊಳ್ಳಲು ಉಪ್ಪಿನಲ್ಲಿ ಹಾಕಿದ ಮಾವು."
"ಆಕಾಶದಲ್ಲಿ ಮಾವು ಎಲ್ಲಿಂದ?" ಲೋಲಾಕ್ಷಿಗೆ ಅನುಮಾನ.
"ಸೂರ್ಯಗಳು ಗುದ್ದಿಕೊಂಡಾಗ ಸುಮ್ಮನಿದ್ದೆಯಲ್ಲ ಮಾರಾಯ್ತಿ,"
ಎಂದಳು ಫಿಲೋಮಿನಾ ಬಾಯಿ,
"ಮಾವಿಗೆ ಎಂತ ತಕರಾರು?"

ಬೀಫಾತಿಮ್ಮ ನೂಲು ಸುತ್ತಿದಳು,
ಉಗುರಿನಿಂದ ಬಾಯಿ ಮಡಿಚಿದಳು,
ಬೀಡಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ತಿರುಗಿಸಿ
ತಡ್ಪೆಗೆ ಇಟ್ಟಳು.

ಏಳರ ಬಸ್ಸಿಗೆ ಹೊರಟಾಗ
ಅಕ್ಷರ ಬಾರದ ಸೇಸಮ್ಮ ಮೆಟ್ಟಿಲ ತನಕ ಬಂದು
ನನ್ನ ಚೀಲಕ್ಕೆ ಒಂದು ಕಟ್ಟು ಹೆಚ್ಚಿಗೆ ತುರುಕಿದಳು.
"ಸಾಬೂನಿನ ಚಿತ್ರ ನನಗೂ ಕಾಣ್ತದೆ ಮಗಾ," ಎಂದಳು,
"ಬಸ್ಸು ಬಂತು ನೋಡು."